ಯಾರೂ ಗಾಬರಿಪಡಬೇಕಾಗಿಲ್ಲ

ಆ ದನಿಯನ್ನು ನಮ್ಮ ಊರಿನಲ್ಲಿ ಅರಿಯದವರಿರಲಿಲ್ಲ. ಆ ಮುಖವನ್ನು ಅರಿತವರು ಮಾತ್ರ ಬೆರಳೆಣಿಕೆಯಷ್ಟು. ಬಸ್ ನಿಲ್ದಾಣದ ಮೇಲಂತಸ್ತಿನ ಗಾಜಿನ ಗೂಡಿನಲ್ಲಿ ಕುಳಿತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡವಾಗಿದೆ, ಯಾವುದು ಇವತ್ತು ಬರುವುದೇ ಇಲ್ಲ ಎಂಬುದನ್ನು ಅವರು ಸಾರುತ್ತಿದ್ದ ರೀತಿಯಲ್ಲಿ ಒಂದು ಗಾಂಭೀರ್ಯವಿತ್ತು, ಒಂದು ವಾತ್ಸಲ್ಯವೂ ಇತ್ತು. ಏರದ, ಇಳಿಯದ, ಅವಸರವೆಂಬುದನ್ನೇ ತಿಳಿಯದ ಆ ಮಂದ್ರಸ್ವರ ಕೇಳಿದೊಡನೆ ರಚ್ಚೆ ಹಿಡಿದ ಮಕ್ಕಳೂ ಕ್ಷಣಕಾಲ ಸುಮ್ಮನಾಗುತ್ತಿದ್ದವು. ಕೆಳಗೆ ಟಿಕೆಟ್ ಕಿಟಕಿಯ ಹಿಂದೆ ಕೂರುತ್ತಿದ್ದ ನಾವು ಅವರಿಗೆ ‘ಅಶರೀರಿ’ ಎಂದು ಹೆಸರಿಟ್ಟಿದ್ದೆವು. ಅದು ಅವರ ಕಿವಿಗೂ ಬಿದ್ದಿತ್ತು. ಒಳಗೊಳಗೇ ಹಿಗ್ಗಿದ್ದರೆಂದು ನನ್ನ ಗುಮಾನಿ.

ಶರೀರ ಇಲ್ಲದೆ ಏನಿಲ್ಲ. ನೀಳವಾದ ಸಣಕಲು ಆಳು. ಉರಿಬಿಸಿಲಿನಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಬೂದುಬಣ್ಣದ ಕೋಟು. ನೆಲದ ಅಪ್ಪಣೆ ಕೇಳಿಯೇ ಪಾದ ಊರುತ್ತಿರುವರೇನೋ ಎಂಬಂಥ ನಿಧಾನದ ನಡಿಗೆ. ಮಾತಿಗೆ ಮುಂಚೆ ಒಂದು ಮೆಲುಕೆಮ್ಮು, ಆಮೇಲೆ ‘ಗಮನವಿರಲಿ’. “ಊಟಕ್ಕೆ ಕೂತರೂ ‘ಗಮನವಿರಲಿ, ಉಪ್ಪು ಕಮ್ಮಿಯಾಗಿದೆ’ ಅಂತಾನೆ ನಮ್ಮಣ್ಣ” ಎಂದು ಅವರ ತಂಗಿ ನಗುತ್ತಿದ್ದಳು. ಹೆತ್ತವರು ಬೇಗ ತೀರಿಹೋಗಿ, ತಾವು ಮದುವೆಯ ಗೋಜಿಗೆ ಹೋಗದೆ ಆ ತಂಗಿಯನ್ನು ಸಾಕಿ, ಊರಂಚಿನಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟುಕೊಂಡಿದ್ದ ಒಬ್ಬ ಸಾಧು ಮನುಷ್ಯನಿಗೆ ಕೊಟ್ಟಿದ್ದರು. ಆ ವೆಲ್ಡರನಿಗೆ ಭಾವನ ಮಾತೆಂದರೆ ವೇದವಾಕ್ಯ. ಬೆಳಗ್ಗೆ ಕೊಡೆ ಹಿಡಿದುಕೋ ಎಂದು ಭಾವ ಹೇಳಿದರೆ, ಮೋಡವಿಲ್ಲದ ದಿನವಿಡೀ ಕೊಡೆ ಹಿಡಿದೇ ತಿರುಗುವ ಜೀವ ಅದು.

ಒಂದು ದಿನ ಮೇಲಧಿಕಾರಿಗಳು ಯಂತ್ರ ತಂದರು. ಯಾವುದೋ ಹೆಂಗಸಿನ ಮುದ್ರಿತ ದನಿ ಗಾಜಿನ ಗೂಡನ್ನು ಆಕ್ರಮಿಸಿತು. ಅಶರೀರಿಯವರನ್ನು ಪ್ರಯಾಣಿಕರು ಮರೆತುಹೋದ ಸಾಮಾನಿನ ಕೋಣೆಗೆ ಹಾಕಿದರು. ಹರಿದ ಚೀಲ, ಒಂಟಿ ಚಪ್ಪಲಿ, ಒಡೆಯರಿಲ್ಲದ ಕೊಡೆಗಳ ನಡುವೆ ಕೋಟಿನ ಗುಂಡಿಯನ್ನು ಬಿಚ್ಚುತ್ತ ಹಾಕುತ್ತ ಕೂತಿರುತ್ತಿದ್ದರು. ದನಿಯಿಂದ ಬದುಕಿದವನಿಗೆ ಕೇಳುವವರಿಲ್ಲದಂತೆ ಮಾಡುವುದು ಸಣ್ಣ ಶಿಕ್ಷೆಯಲ್ಲ.

ಆಗ ಬಂತು ಆ ಪ್ರಕಟಣೆ. ಊರಾಚೆಯ ಬಯಲಿನಲ್ಲಿ ಸೈನ್ಯದ ತರಬೇತಿ ಅಭ್ಯಾಸ ನಡೆಯುತ್ತದೆ, ಲಾರಿಗಳು ಓಡಾಡುತ್ತವೆ, ಗುಂಡಿನ ಸದ್ದು ಕೇಳಬಹುದು, ಯಾರೂ ಗಾಬರಿಪಡಬೇಕಾಗಿಲ್ಲ. ಯಂತ್ರಕ್ಕೆ ಗೊತ್ತಿದ್ದುದು ಬಸ್ಸಿನ ಹೆಸರುಗಳಷ್ಟೆ. ಹಾಗಾಗಿ ಅಶರೀರಿಯವರನ್ನೇ ಕರೆದು ಓದಿಸಿದರು. ಅಂದು ನಿಲ್ದಾಣಕ್ಕೆ ನಿಲ್ದಾಣವೇ ತಲೆಯೆತ್ತಿ ನೋಡಿದ್ದನ್ನು ನಾನು ಕಂಡಿದ್ದೇನೆ. ಮೆಟ್ಟಿಲಿಳಿದು ಬಂದ ಅವರ ಮುಖದಲ್ಲಿ, ಬತ್ತಿದ ದೀಪಕ್ಕೆ ಎಣ್ಣೆ ಬಿದ್ದ ಕಳೆಯಿತ್ತು.

“ಗಾಬರಿಪಡಬೇಡಿ ಅಂತ ಯಾಕ್ರೀ ಹೇಳ್ತಾರೆ?” ಎಂದರು ನನ್ನ ಕಿಟಕಿಗೆ ಬಗ್ಗಿ. “ಗಾಬರಿಯಾಗಿದೆ ಅಂತ ನಾವು ಹೇಳಿದ್ವಾ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ಇಲ್ಲಿ ಅನ್ನೋಕ್ಕೆ ಮೊದಲೇ ಮುಟ್ಟಿಕೊಂಡಿದ್ದಾರೆ.”

ನಾನು ನಕ್ಕೆ. ಅವರ ಹಿಂದೆ ಟಿಕೆಟ್ಟಿಗೆ ಕಾಯುತ್ತಿದ್ದವರು ಯಾರೂ ನಗಲಿಲ್ಲ.

ಆಮೇಲೆ ಅವರ ಕೋಣೆಗೆ ಜನ ಬರತೊಡಗಿದರು, ಏನನ್ನೂ ಕಳೆದುಕೊಳ್ಳದ ಜನ. ಮುಚ್ಚಿದ ಹಳೆಯ ಗಿರಣಿಗೆ ಹೊಸ ಬೇಲಿ ಬಿದ್ದಿದೆಯಂತೆ, ಅದರ ತುದಿ ಒಳಕ್ಕೆ ಬಾಗಿದೆಯಂತೆ. ಹೊರಗಿನವರು ನುಗ್ಗದಿರಲೆಂದಾದರೆ ಹೊರಕ್ಕೆ ಬಾಗಬೇಕಿತ್ತಲ್ಲವೇ? ಕಂಬಗಳಿಗೆ ಹಳದಿ ಗುರುತು ಹಾಕುತ್ತಿದ್ದಾರಂತೆ. ಇನ್ನು ಮನೆಗಳ ಗೋಡೆಗೆ ಬೀಳುತ್ತದೆ, ಗುರುತು ಬಿದ್ದ ಮನೆಯ ಗಂಡಸರನ್ನು ಸೈನ್ಯದವರು ಮೊದಲು ಆ ಬೇಲಿಯೊಳಕ್ಕೆ ಎಳೆದೊಯ್ಯುತ್ತಾರೆ. ಇವೆಲ್ಲವನ್ನೂ ಅಶರೀರಿಯವರು ಕಿರುಚಿ ಹೇಳಲಿಲ್ಲ, ಮೇಜು ಗುದ್ದಲಿಲ್ಲ. ಸಂಜೆಯ ಬಸ್ಸು ತಡವಾಗಿದೆಯೆಂಬಷ್ಟೇ ಸಮಾಧಾನದಿಂದ, ಅದೇ ಸ್ವರದಲ್ಲಿ ಹೇಳಿದರು. ಆ ದನಿ ಜನರಿಗೆ ಇಷ್ಟು ವರ್ಷ ಸುಳ್ಳು ಹೇಳಿರಲಿಲ್ಲ. ಅದನ್ನು ನಂಬಿ ಹೊರಟವರೆಲ್ಲ ತಮ್ಮ ತಮ್ಮ ಊರು ಮುಟ್ಟಿದ್ದರು.

ನಾನು ಗಿರಣಿಯ ತನಕ ಹೋಗಿ ನೋಡಿ ಬಂದೆ. ಬೇಲಿ ಕೆಲವು ಕಡೆ ಒಳಕ್ಕೆ, ಕೆಲವು ಕಡೆ ಹೊರಕ್ಕೆ, ಒಂದು ಕಡೆ ನೆಲಕ್ಕೇ ಬಾಗಿತ್ತು, ಗುತ್ತಿಗೆದಾರನ ಕೈಚಳಕ. ಹಾಗೆಂದು ಅವರಿಗೆ ಹೇಳಿದರೆ ಮರುಕದಿಂದ ನನ್ನನ್ನು ನೋಡಿ, “ನಿಮ್ಮಂಥವರಿಗೆ ಹಾಗೆ ಕಾಣಲಿ ಅಂತಲೇ ಹಾಗೆ ಮಾಡಿರೋದು” ಎಂದರು. ಇಂಥ ಮಾತಿಗೆ ಜಗತ್ತಿನ ಯಾವ ಬೇಲಿಯೂ ಉತ್ತರ ಕೊಡಲಾರದು.

ಅಭ್ಯಾಸ ಮೊದಲಾದ ವಾರ, ಹಗಲು ಊಟದ ಹೊತ್ತಿನಲ್ಲಿ, ಟೆಲಿಫೋನಿನ ತಂತಿ ಎಳೆಯುವ ಒಬ್ಬ ನಡುವಯಸ್ಸಿನ ಸೈನಿಕ ಆ ತಂಗಿಯ ಮನೆಯ ಹಿತ್ತಿಲಿಗೆ ಬಂದ. ಬಾಗಿಲು ತಟ್ಟಿದ್ದನಂತೆ, ಪಕ್ಕದಲ್ಲೇ ಇದ್ದ ಶೆಡ್ಡಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ತಂತಿಗೆ ಮೊಳೆ ಹೊಡೆಯಬೇಕಾದ ಜಾಗ ನೋಡಿ ಗೋಡೆಯ ಮೇಲೆ ಹಳದಿ ಸೀಮೆಸುಣ್ಣದಿಂದ ಒಂದು ಗೀಟು ಎಳೆದ. ವೆಲ್ಡರನು ಕಣ್ಣಿನ ಕಪ್ಪು ಗಾಜನ್ನು ತೆಗೆದು ನೋಡಿದಾಗ ಕಂಡದ್ದು ಸೈನಿಕನಲ್ಲ, ತಂತಿಯಲ್ಲ, ಆ ಗೀಟು. ಕೈಯಲ್ಲಿ ಕಬ್ಬಿಣದ ಸರಳಿತ್ತು. ಕೋಳಿ ಕೊಯ್ಯುವಾಗಲೂ ಮುಖ ತಿರುಗಿಸುತ್ತಿದ್ದ ಮನುಷ್ಯ ಹಿಂದಿನಿಂದ ಹೋಗಿ ತಲೆಗೆ ಹೊಡೆದ.

ಸೈನಿಕ ಬದುಕಿದ. ಆದರೆ ಹಿಡಿದುಕೊಳ್ಳುವವರಿಲ್ಲದೆ ನಿಲ್ಲಲಾರದವನಾದ. ವೆಲ್ಡರನನ್ನು ಜೈಲಿಗೆ ಹಾಕಿದರು. ತಂಗಿ ಆಸ್ಪತ್ರೆಗೆ ಹೋಗಿ, ಆ ಸೈನಿಕನ ಹೆಂಡತಿಯ ಎದುರು ನಿಂತಳಂತೆ. ಆಕೆ ಬೈಯಲಿಲ್ಲ, “ನಮ್ಮವರು ಅಲ್ಲಿ ಏನು ಮಾಡ್ತಿದಾರೆ ಅಂತ ನಿಮ್ಮ ಯಜಮಾನರು ಅಂದ್ಕೊಂಡ್ರು?” ಎಂದು ಕೇಳಿದಳು, ಅಷ್ಟೆ. ಅಲ್ಲಿಂದ ತಂಗಿ ನೇರವಾಗಿ ನಿಲ್ದಾಣಕ್ಕೆ ಬಂದಳು. ಆಗ ನಾನು ಅವಳ ಅಣ್ಣನ ಕೋಣೆಯಲ್ಲೇ ಇದ್ದೆ.

“ಅಣ್ಣಾ, ಕೋರ್ಟಿಗೆ ಬಂದು ಒಂದು ಮಾತು ಹೇಳು. ಅವರ ತಲೇಲಿ ಇದನ್ನ ತುಂಬಿದ್ದು ನಾನು ಅಂತ. ಶಿಕ್ಷೆ ಕಮ್ಮಿ ಆಗಬಹುದು ಅಂದ್ರು ಲಾಯರು.”

ಅವರು ಮೆಲ್ಲನೆ ಕೆಮ್ಮಿದರು. “ನಾನು ಹೊಡಿ ಅಂದ್ನಾ?”

“ಇಲ್ಲ.”

“ಮತ್ತೆ? ಬಸ್ಸು ಎಲ್ಲಿ ನಿಂತಿದೆ ಅಂತ ಹೇಳೋದಷ್ಟೇ ನನ್ನ ಕೆಲಸ ಕಣಮ್ಮ. ಹತ್ತೋದು ಬಿಡೋದು ಅವರವರ ಇಷ್ಟ.”

“ಆ ಬಸ್ಸೇ ಇರಲಿಲ್ಲವಲ್ಲ ಅಣ್ಣಾ” ಎಂದಳು.

ಅವರು ಕೋಟಿನ ಮೇಲಿನ ಗುಂಡಿ ಹಾಕಿಕೊಂಡರು. ಕೋರ್ಟಿಗೆ ಹೋಗಲಿಲ್ಲ. ಆದರೆ ಬರುವವರಿಗೆಲ್ಲ, ನಮ್ಮ ಊರಿನಲ್ಲಿ ಮೊದಲು ಎದ್ದು ನಿಂತ ಗಂಡಸು ತಮ್ಮ ತಂಗಿಯ ಗಂಡನೇ ಎಂದು ಅದೇ ಗಂಭೀರ ಸ್ವರದಲ್ಲಿ ಹೇಳಿದರು, ಕೇಳಿದವರು ಕಣ್ಣೊರೆಸಿಕೊಂಡರು.

ಅಭ್ಯಾಸ ಮುಗಿಯಿತು. ಸೈನ್ಯ ತಾನು ತೋಡಿದ ಗುಂಡಿಗಳನ್ನು ಮುಚ್ಚಿ, ಡೇರೆ ಕಿತ್ತು, ಬಂದ ದಾರಿಯಲ್ಲೇ ಹೋಯಿತು. ಯಾರನ್ನೂ ಎಳೆದೊಯ್ಯಲಿಲ್ಲ. ಗಿರಣಿಯ ಬಾಗಿಲು ತೆರೆದಾಗ ಒಳಗಿದ್ದುದು ಆಲೂಗಡ್ಡೆ ಇಡುವ ಶೀತಲಗೃಹ. ಇನ್ನಾದರೂ ಊರು ಅಶರೀರಿಯವರ ಮುಖಕ್ಕೆ ಉಗಿಯಬಹುದೆಂದು ನಾನು ಕಾದೆ. “ನಾವು ಎಚ್ಚರವಾಗಿದ್ವಿ, ಅದಕ್ಕೇ ವಾಪಸ್ ಹೋದ್ರು” ಎಂದರು ಅವರು. ಹೌದು ಹೌದು ಎಂದಿತು ಊರು. ನಡೆಯದೇ ಹೋದದ್ದೇ ಅವರ ಗೆಲುವಾಯಿತು. ನಿವೃತ್ತರಾದ ಮೇಲಂತೂ ನಿಲ್ದಾಣದೆದುರಿನ ಟೀ ಅಂಗಡಿಯಲ್ಲಿ ಅವರ ಸುತ್ತ ಜಾತ್ರೆ. ಈಗ ನೀರಿನ ಟ್ಯಾಂಕಿನ ಮೇಲೆ ಅನುಮಾನ.

ವೆಲ್ಡರನ ಬಿಡುಗಡೆಯ ದಿನ ತಂಗಿಯ ಜೊತೆಗೆ ನಾನೂ ಹೋಗಿದ್ದೆ. ಕೂದಲು ಪೂರ್ತಿ ನರೆತಿತ್ತು. ಹೆಂಡತಿಯನ್ನು ಕಂಡು ಆತ ಕೇಳಿದ ಮೊದಲ ಮಾತು, “ಭಾವ ಬರಲಿಲ್ವಾ?”

ಅವಳ ತಾಳ್ಮೆಯ ಕಟ್ಟೆ ಒಡೆಯಿತು. “ಅವನ ಹೆಸರು ಎತ್ತಬೇಡಿ. ಅದೆಲ್ಲಾ ಸುಳ್ಳು, ಶುದ್ಧ ಸುಳ್ಳು. ಇನ್ನೂ ಗೊತ್ತಾಗಿಲ್ವಾ ನಿಮಗೆ?”

ಆತ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡ. ದನಿ ಬಹಳ ಸಣ್ಣದಾಗಿತ್ತು. “ಸುಳ್ಳು ಅನ್ಬೇಡ ಕಣೇ. ಅದು ಸುಳ್ಳಾದರೆ ನಾನು ಹೊಡೆದದ್ದು ಯಾರಿಗೆ?”

ಊರು ತಲುಪಿದ ಮೇಲೆ ಆತ ಮನೆಗೆ ಹೋಗಲಿಲ್ಲ. ನೇರವಾಗಿ ಟೀ ಅಂಗಡಿಗೆ ನಡೆದ. ಜನ ಸರಿದು ದಾರಿ ಬಿಟ್ಟರು. ತಂಗಿ ಆ ಕಡೆ ಕತ್ತೆತ್ತಿಯೂ ನೋಡದೆ, ಒಬ್ಬಳೇ ರಸ್ತೆ ದಾಟಿ ಹೋದಳು.

ಇಂಥವರನ್ನು ಸುಳ್ಳುಗಾರರೆಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ತಾವು ಹೇಳಿದ್ದನ್ನು ತಾವೇ ನಂಬುತ್ತಾರೋ ಇಲ್ಲವೋ ಎಂಬ ಜಿಜ್ಞಾಸೆಯನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅವರನ್ನು ನಂಬಿ ಏನನ್ನೂ ಕಳೆದುಕೊಳ್ಳದವನು ನಾಳೆ ನಕ್ಕು ಮರೆತುಬಿಡಬಲ್ಲ. ಸರ್ವಸ್ವವನ್ನೂ ಕಳೆದುಕೊಂಡವನಿಗೆ ಆ ಅನುಕೂಲವಿಲ್ಲ. ಅವನು ಆ ಸುಳ್ಳನ್ನು ಹೆತ್ತ ಮಗುವಿನಂತೆ ಕಾಯುತ್ತಾನೆ, ಅದು ಸತ್ತರೆ ತಾನು ಉಳಿಯಲಾರನೆಂದು. ಇಂಥವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ತಮ್ಮಿಂದ ಕೆಟ್ಟವನ ಕ್ಷಮೆ ಕೇಳುವುದಿಲ್ಲ. ಹೆಗಲ ಮೇಲೆ ಕೈಹಾಕಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.