ಹತ್ತು ಲಕ್ಷದಲ್ಲಿ ಮೂವರು

"ಎದ್ದೇಳೇ ಮುಂಡೆ. ಇದೇನು ನಿಮ್ಮಪ್ಪ ಹಾಸಿಟ್ಟ ಹಾಸಿಗೆನಾ?"

ಮೇಸ್ತ್ರಿ ಬೂಟಿನ ತುದಿಯಿಂದ ಗುಬ್ಬಿಯ ಕಾಲನ್ನು ತಿವಿದ. ಅವಳು ಏಳಲಿಲ್ಲ. ಉರುಳೆ ಒರೆಸುತ್ತಿದ್ದ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. ಅದರಿಂದ ಸೋರಿದ, ಬಣ್ಣ ಕರಗಿಸುವ ಥಿನ್ನರ್ ನೆಲದ ಮೇಲೆ ಹರಿದು ಅವಳ ಕೂದಲನ್ನು ನೆನೆಸುತ್ತಿತ್ತು.

"ಈ ತಿಂಗಳಲ್ಲಿ ಮೂರನೇ ಸಲ ಬೀಳ್ತಿದಾಳೆ. ಮದುವೆ ಇಲ್ದೋಳು ಹಿಂಗೆ ಯಾಕೆ ಬೀಳ್ತಾಳೆ ಅಂತ ನಂಗೇನು ಗೊತ್ತಾಗಲ್ವಾ? ಯಾರಾದ್ರೂ ಹೊಟ್ಟೆ ಮುಟ್ಟಿ ನೋಡ್ರೇ."

ಒಂದಿಬ್ಬರು ನಕ್ಕರು. ನಗದಿದ್ದರೆ ನಾಳೆ ತಮ್ಮ ಸರದಿ ಎಂದು ತಿಳಿದು ನಕ್ಕವರು. ಗುಬ್ಬಿಯ ಒಡಹುಟ್ಟಿದ ಅಕ್ಕನೂ ಅಲ್ಲೇ ಕೆಲಸಕ್ಕಿದ್ದಳು. ಕೋಣೆಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ತಂಗಿಯ ತಲೆಯನ್ನು ತೊಡೆಯ ಮೇಲೆಳೆದುಕೊಂಡು ಅವಳು "ನಿನ್ ಬಾಯಿಗೆ ಹುಳ ಬೀಳ" ಎಂದಳು, ಮೇಸ್ತ್ರಿಗೆ ಕೇಳುವಷ್ಟೇ ಜೋರಾಗಿ.

ಪೊಟ್ಟಣಗಳ ಮೇಲೆ ಬಣ್ಣದ ಚಿತ್ರ ಅಚ್ಚು ಹಾಕುವ ಕಾರ್ಖಾನೆ ಅದು. ಅದರ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತೆರಡು ಹೆಂಗಸರು ಬಟ್ಟೆಯನ್ನು ಥಿನ್ನರ್ ಡ್ರಮ್ಮಿನಲ್ಲಿ ಅದ್ದಿ, ಉರುಳೆಗಳಿಗೆ ಅಂಟಿದ ಬಣ್ಣವನ್ನು ತಿಕ್ಕಿ ತೆಗೆಯುತ್ತಿದ್ದರು. ಸಿಹಿ ಸಿಹಿಯಾದ ಆ ವಾಸನೆಗೆ ಮೊದಲ ವಾರ ತಲೆ ತಿರುಗುತ್ತದೆ. ಆಮೇಲೆ ಅದು ಮೂಗಿಗೇ ಗೊತ್ತಾಗುವುದಿಲ್ಲ. ಡ್ರಮ್ಮಿಗೆ ಕಾವಲಾಗಿ ಅದರ ಪಕ್ಕದಲ್ಲೇ ಮೇಸ್ತ್ರಿಯ ಕುರ್ಚಿ.

ಕಂಪನಿ ಡಾಕ್ಟರು ಗುಬ್ಬಿಯ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಒಳಗೆ ಕಾಗದದಂಥ ಬಿಳುಪು.

"ರಕ್ತ ಕಮ್ಮಿ. ಹೆಂಗಸರಿಗೆ ಇದ್ದದ್ದೇ. ಸೊಪ್ಪು ತಿನ್ನು, ಮಾತ್ರೆ ತಗೋ." ಆಮೇಲೆ ಅವಳ ತೋಳಿನ ನೀಲಿ ಕಲೆಗಳು ಕಂಡವು. "ಮನೇಲಿ ಯಾರು ಹೊಡೆಯೋದು?"

"ಯಾರೂ ಇಲ್ಲ ಸಾರ್. ತಾನಾಗೇ ಆಗ್ತವೆ."

"ತಾನಾಗೇ?" ಡಾಕ್ಟರು ಅಕ್ಕನ ಕಡೆ ತಿರುಗಿದರು. "ಮನೇಲಿ ಗಂಡಸರು ಯಾರಿದಾರೆ?"

"ನನ್ ಗಂಡ ಒಬ್ರೇ."

"ಹೂಂ" ಎಂದರು ಡಾಕ್ಟರು.

ಆ ಹೂಂ ಅಕ್ಕನ ಕಿವಿಯಿಂದ ಇಳಿಯಲೇ ಇಲ್ಲ. ಮೂಟೆ ಹೊರುವ ಗಂಡ ಊಟಕ್ಕೆ ಕುಳಿತಾಗ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ತಂಗಿಯ ತೋಳಿನ ಮೇಲಿದ್ದ ಒಂದು ಕಲೆ ಹೆಬ್ಬೆಟ್ಟಿನಷ್ಟೇ ಅಗಲ. ಗುಬ್ಬಿ ಮಲಗಿದ್ದಲ್ಲೇ ಆದ ಎಂಟು ದಿನ, ಏನಾದರೊಂದು ನೆಪ ಹೇಳಿ ಅಕ್ಕ ಕೆಲಸದಿಂದ ಬೇಗ ಬಂದಳು. ಸದ್ದಿಲ್ಲದೆ ಬಾಗಿಲ ಸಂದಿಯಿಂದ ಹಣಕಿದಳು. ಒಂಬತ್ತನೇ ದಿನ ಗಂಡ ಹಿತ್ತಲ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಗುಬ್ಬಿಯ ದಿಂಬಿನ ಬಟ್ಟೆ ಒಗೆಯುತ್ತಿದ್ದ. ನೀರು ಕೆಂಪಾಗಿತ್ತು.

"ಬಾ, ಒಳಗೇ ಬಂದು ನೋಡು" ಎಂದ, ತಲೆಯೆತ್ತದೆ. "ಕಳ್ಳಬೆಕ್ಕಿನ ಹಂಗೆ ಯಾಕೆ ಹಣಕಿ ಹಾಕ್ತೀಯ? ಅವಳ ಒಸಡಲ್ಲಿ ರಕ್ತ ನಿಲ್ತಿಲ್ಲ. ಅಕ್ಕನಿಗೆ ಹೇಳ್ಬೇಡಿ ಭಾವ, ಕೆಲಸ ಹೋಗುತ್ತೆ ಅಂತ ಅತ್ಲು. ನೀನು ನನ್ನ ಬೆರಳು ಅಳೀತಾ ಕೂತಿದ್ದೆ."

ಅಕ್ಕ ಅವನೆದುರು ಕುಳಿತು ಬಟ್ಟೆಯ ಇನ್ನೊಂದು ತುದಿ ಹಿಡಿದು ಹಿಂಡಿದಳು. ಮಾರನೆಯ ಬೆಳಿಗ್ಗೆ ಮೂವರೂ ಸರ್ಕಾರಿ ಆಸ್ಪತ್ರೆಗೆ ಹೋದರು.

ಅಲ್ಲಿ ಗುಬ್ಬಿಯ ಸೊಂಟದ ಮೂಳೆಗೆ ದಪ್ಪ ಸೂಜಿ ಹಾಕಿ ಪರೀಕ್ಷೆ ಮಾಡಿದರು. ವಾರದ ನಂತರ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅಕ್ಕನನ್ನು ಪಕ್ಕಕ್ಕೆ ಕರೆದಳು.

"ರಕ್ತ ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ. ಇವಳ ಮಜ್ಜೆ ರಕ್ತ ಮಾಡೋದನ್ನೇ ನಿಲ್ಲಿಸಿದೆ. ಸೊಪ್ಪು, ಮಾತ್ರೆಗೆ ಬಗ್ಗೋದಲ್ಲ. ಸದ್ಯಕ್ಕೆ ಹೊರಗಿಂದ ರಕ್ತ ಕೊಡ್ತಾ ಇರ್ಬೇಕು. ತುಂಬಾ ಅಪರೂಪದ್ದಮ್ಮ ಇದು. ಹತ್ತು ಲಕ್ಷ ಜನದಲ್ಲಿ ಇಬ್ರಿಗೋ ಮೂವರಿಗೋ ಬರುತ್ತೆ."

ಅಕ್ಕ ಬೆರಳು ಮಡಚಿ ಎಣಿಸಿದಳು.

"ನಮ್ ಕೋಣೇಲಿ ಇರೋದೇ ಇಪ್ಪತ್ತೆರಡು ಜನ ಡಾಕ್ಟ್ರೇ. ಹೋದ ವರ್ಷ ಉದ್ದಕ್ಕ ಅಂತ ಒಬ್ಳಿದ್ಲು, ಮೂಗಲ್ಲಿ ಬಾಯಲ್ಲಿ ರಕ್ತ ಸುರಿದು ಸತ್ಲು. ಅವಳಿಗಿಂತ ಮುಂಚೆ ಒಬ್ಳು ಬಿಳುಚಿಕೊಂಡು, ಮೈಯೆಲ್ಲ ನೀಲಿಗಟ್ಟಿ ಕೆಲಸ ಬಿಟ್ಲು. ಈಗ ಇವ್ಳು."

ಡಾಕ್ಟರಮ್ಮನ ಪೆನ್ನು ನಿಂತಿತು. "ಏನಲ್ಲಿ ಒರೆಸ್ತೀರಿ? ಡ್ರಮ್ಮಿನ ಮೇಲಿನ ಚೀಟೀಲಿ ಏನಿದೆ ಬರ್ಕೊಂಡು ಬಾ. ಜೊತೆಗಿರೋರನ್ನೂ ಕರ್ಕೊಂಡು ಬಾ. ಎಲ್ಲರ ರಕ್ತ ನೋಡ್ಬೇಕು."

ಮರುದಿನ ಅಕ್ಕ ಡ್ರಮ್ಮನ್ನು ಸುತ್ತಿ ನೋಡಿದಳು. ಚೀಟಿ ಇರಲಿಲ್ಲ. ಆ ಜಾಗದಲ್ಲಿ ಹೊಸದಾಗಿ ಕೆರೆದ ತಗಡು ಹೊಳೆಯುತ್ತಿತ್ತು. ಕುರ್ಚಿಯಲ್ಲಿದ್ದ ಮೇಸ್ತ್ರಿ ಅವಳನ್ನೇ ನೋಡುತ್ತಿದ್ದ. ಬೈಯಲಿಲ್ಲ. ಅದೇ ಅವಳಿಗೆ ಸರಿ ಕಾಣಲಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಹೇಳಿ ಕಳಿಸಿದ.

"ಕೂತ್ಕೊಳ್ಳಮ್ಮ."

ಏಳು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ. ಅಕ್ಕ ನಿಂತೇ ಇದ್ದಳು. ಕಿಟಕಿಯ ಬಳಿ ಕಂಪನಿ ಡಾಕ್ಟರು ಹೊರಗೆ ನೋಡುತ್ತ ನಿಂತಿದ್ದರು.

"ನಿನ್ ತಂಗಿ ವಿಷಯ ಕೇಳಿ ಬೇಜಾರಾಯ್ತು. ಅಪರೂಪದ ಕಾಯಿಲೆ. ಹತ್ತು ಲಕ್ಷಕ್ಕೆ ಇಬ್ರೋ ಮೂವರೋ. ಹಣೆಬರಹ, ಯಾರೇನು ಮಾಡೋಕಾಗುತ್ತೆ? ಅವಳಿಗೆ ರಕ್ತ ಕೊಡಿಸೋದು ಕಂಪನಿ ನೋಡ್ಕೊಳ್ಳುತ್ತೆ. ಇಲ್ಲೊಂದು ಸಹಿ ಹಾಕು. ಅವಳಿಗೆ ಹುಟ್ಟಿನಿಂದಲೂ ರಕ್ತದ ತೊಂದರೆ ಇತ್ತು, ಅವಳು ಕೆಲಸ ಮಾಡ್ತಿದ್ದದ್ದು ಪ್ಯಾಕಿಂಗ್‌ನಲ್ಲಿ ಅಂತ, ಅಷ್ಟೇ."

ಅಕ್ಕ ಕಾಗದ ಮುಟ್ಟಲಿಲ್ಲ.

"ಇಲ್ಲಿ ನಾನು ಯಾರ ಹತ್ರಾನೂ ಕಾಯಿಲೆ ಸುದ್ದಿ ಎತ್ತಿಲ್ಲ ಸಾರ್. ಜ್ವರ ಅಂತ ಹೇಳಿದೀನಿ. ನಿಮ್ಗೆ ಹೆಂಗೆ ಗೊತ್ತಾಯ್ತು?"

ಮ್ಯಾನೇಜರನ ಕಣ್ಣು ಒಮ್ಮೆ ಕಿಟಕಿಯ ಬಳಿಯ ಡಾಕ್ಟರ ಕಡೆ ಹೋಗಿ ಬಂತು.

"ಉದ್ದಕ್ಕನೂ ಸಾಯೋಕೆ ಮುಂಚೆ ಪ್ಯಾಕಿಂಗ್‌ಗೆ ಹೋಗಿದ್ಲಾ?" ಎಂದಳು ಅಕ್ಕ. "ಅವಳ ಗಂಡನ ಹತ್ರಾನೂ ಸಹಿ ಹಾಕಿಸ್ಕೊಂಡ್ರಾ?"

"ನೋಡು, ಕೆಲಸ ಬೇಕೋ ಬೇಡ್ವೋ?"

"ಅವಳಿಗೆ ನನ್ ಗಂಡ ರಕ್ತ ಕೊಡ್ತಾರೆ, ನಾನು ಕೊಡ್ತೀನಿ. ನಿಮ್ಮ ಕಾಗದ ನೀವೇ ಇಟ್ಕೊಳ್ಳಿ."

ಆ ಸಂಜೆ ಕೈ ತೊಳೆಯುವ ನಲ್ಲಿಯ ಹತ್ತಿರ ಅವಳು ಒಬ್ಬೊಬ್ಬರ ಕಿವಿಯಲ್ಲೂ ಹೇಳಿದಳು. ನಾಳೆ ಬೆಳಿಗ್ಗೆ, ಸರ್ಕಾರಿ ಆಸ್ಪತ್ರೆ. ಕೆಲವರು ಕೇಳಿಸದವರಂತೆ ಕೈ ತೊಳೆಯುತ್ತಲೇ ಇದ್ದರು. "ನಿನ್ ಕೆಲಸ ಹೋಯ್ತು ಅಂತ ನಮ್ದೂ ಕಳೀತೀಯಾ" ಎಂದಳು ಒಬ್ಬಳು.

ಬೆಳಿಗ್ಗೆ ಬಂದವರು ಒಂಬತ್ತು ಜನ. ರಕ್ತ ತೆಗೆಯುವ ಕೋಣೆಯ ಮುಂದೆ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಅಷ್ಟರಲ್ಲಿ ಹೊರಬಾಗಿಲಲ್ಲಿ ಮೇಸ್ತ್ರಿ ಕಾಣಿಸಿಕೊಂಡ. ಇಬ್ಬರು ತಕ್ಷಣ ಸಾಲು ಬಿಟ್ಟು ಕಂಬದ ಹಿಂದೆ ಸರಿದರು.

ಅಕ್ಕ ನೇರ ಅವನ ಮುಂದೆ ಹೋಗಿ ನಿಂತಳು. "ಯಾರ್ಯಾರು ಬಂದಿದಾರೆ ಅಂತ ಬರ್ಕೊಳ್ಳೋಕೆ ಬಂದ್ಯಾ? ಚೀಟಿ ಕೆರೆದ ಕೈ ಅಲ್ವಾ ಅದು?"

ಅವನು ತುಟಿ ಒರೆಸಿಕೊಂಡ. ಕರವಸ್ತ್ರವನ್ನು ಬೇಗ ಮಡಚಿ ಜೇಬಿಗೆ ತುರುಕಿದ. "ಸಾಲಿನ ಕೊನೆ ಎಲ್ಲಿ?" ಎಂದ.

ನಂಬಬೇಕೋ ಬೇಡವೋ ಅಕ್ಕನಿಗೆ ತಿಳಿಯಲಿಲ್ಲ. "ಕೊನೆ ಬೇಡ. ಮೊದ್ಲು ನೀನೇ ಕೂತ್ಕೋ. ನಾವೆಲ್ಲ ನೋಡ್ತೀವಿ."

ಮೇಸ್ತ್ರಿ ಹೋಗಿ ಕುಳಿತ. ತೋಳಿನ ಗುಂಡಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಮಣಿಕಟ್ಟಿನಿಂದ ಮೊಣಕೈವರೆಗೂ ನೀಲಿ, ಹಳದಿ, ಮತ್ತೆ ನೀಲಿ. ಯಾರೂ ನಗಲಿಲ್ಲ.

ನರ್ಸು ಪುಸ್ತಕ ತೆರೆದು, "ಕೆಲಸ ಎಲ್ಲಿ?" ಎಂದು ಕೇಳಿದಳು.

ಅವನು ಬಾಗಿಲ ಕಡೆ ನೋಡಿದ.

"ಒರೆಸೋ ಕೋಣೆ" ಎಂದಳು ಅಕ್ಕ. "ಹಂಗೇ ಬರೀರಿ ಸಿಸ್ಟರ್. ನಮ್ಮೆಲ್ಲರದ್ದೂ ಅದೇ."