ಸವಿಚ್ ಹೆಸರಿನ ಹಾಳೆ

ಲಂಡನ್ನಿನ ಫೆಲ್ಥಮ್‌ನಲ್ಲಿದ್ದ ತಮ್ಮ ಮನೆಯ ಮೇಲಿನ ಕೋಣೆಯನ್ನು ಬೆಲಾರೂಸಿನವನೊಬ್ಬನಿಗೆ ಬಾಡಿಗೆಗೆ ಕೊಟ್ಟ ಮೂರನೇ ದಿನಕ್ಕೇ ಶೇಖರಪ್ಪನವರ ತಲೆಯೊಳಗೆ ಹುಳ ಹೊಕ್ಕಿತು. ಹೊಗದೆ ಏನು ಮಾಡೀತು? ಹೀಥ್ರೋ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಇಪ್ಪತ್ತೆಂಟು ವರ್ಷ ಕೂತು ಲೋಕದವರ ಚೀಲಗಳ ಹೊಟ್ಟೆಯೊಳಗೆ ಇಣುಕಿ ನೋಡಿದವರು. ಅವರು ನಿವೃತ್ತರಾದರೂ ಅವರ ಕಣ್ಣು ನಿವೃತ್ತವಾಗಿರಲಿಲ್ಲ. ಪಕ್ಕದ ಮನೆಗೆ ಪಾರ್ಸೆಲ್ ಬಂದರೂ ಪರದೆ ಸರಿಸಿ, ಅದರ ಉದ್ದಗಲ ಅಂದಾಜು ಮಾಡದೆ ಅವರಿಗೆ ಚಹಾ ರುಚಿಸುತ್ತಿರಲಿಲ್ಲ.

ಬಂದವನ ಹೆಸರು ವಿತಾಲ್. ವಯಸ್ಸು ಐವತ್ತರ ಹತ್ತಿರ, ಮಾತು ಕಡಿಮೆ. ಶೇಖರಪ್ಪನವರ ಹೆಂಡತಿ, ವಿಜಯಪುರದ ಗಿರಿಜಾದೇವಿ, ಮೊದಲ ದಿನವೇ ಅವನನ್ನು ವಿಠ್ಠಲ ಮಾಡಿಕೊಂಡು ರೊಟ್ಟಿ, ಎಣ್ಣೆಗಾಯಿ ಬಡಿಸಿಬಿಟ್ಟಿದ್ದರು. ಮಧ್ಯಾಹ್ನದ ಮೇಲೆ ಅವನಿಗೆ ಏರ್‌ಪೋರ್ಟಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ಬೆಳಿಗ್ಗೆ ಸಂಗೀತ ಬರೆಯುತ್ತಿದ್ದ. ತನ್ನ ದೇಶದಲ್ಲಿ ಎಂಬತ್ತು ಜನರ ವಾದ್ಯವೃಂದಕ್ಕೆ ಕೃತಿ ರಚಿಸಿದವನಂತೆ. ಹಾಗೆಂದು ಹೇಳಿದವನು ಅವನೇ, ಬೇರೆ ಸಾಕ್ಷಿ ಇಲ್ಲ ಎಂಬುದನ್ನು ಶೇಖರಪ್ಪ ಗಮನಿಸಿದ್ದರು.

ಸಂಗೀತಗಾರನ ಹತ್ತಿರ ಒಂದು ಪೀಪಿಯೂ ಇರಲಿಲ್ಲ! ಗೆರೆ ಎಳೆದ ದೊಡ್ಡ ಹಾಳೆಯ ಮುಂದೆ ಕೂತು, ಬೆರಳಿನಿಂದ ಮೇಜು ಬಡಿದು, ಪೆನ್ಸಿಲಿನಲ್ಲಿ ಚುಕ್ಕೆ ಹಾಕುತ್ತಿದ್ದ. ಮನೆಯ ಮೇಲೆ ವಿಮಾನ ಹಾದುಹೋಗುವಾಗ ಪೆನ್ಸಿಲ್ ಎತ್ತಿ ಹಿಡಿದು ಕಾಯುತ್ತಿದ್ದ. ಫೋನ್ ಬಂದರೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಪಿಸುಗುಟ್ಟುತ್ತಿದ್ದ.

"ಆ ಮನಿಷಾ ಏನೋ ಮುಚ್ಚಿಡಾಕ ಹತ್ಯಾನ, ಗಿರಿಜಾ."

"ನಿಮಗ ಯಾರ ಮ್ಯಾಲೆ ಸಂಶೇ ಇಲ್ಲ ಹೇಳ್ರಿ. ಮೊಸರಾಗ ಕಲ್ಲು ಹುಡಕೂ ಮಂದಿ ನೀವು."

ಕಲ್ಲು ಸಿಕ್ಕೇಬಿಟ್ಟಿತು. ಒಂದು ಬೆಳಿಗ್ಗೆ ವಿತಾಲ್ ಒಳ್ಳೆಯ ಬೆಳಕಿದೆಯೆಂದು ಹಾಳೆಗಳನ್ನು ಅಡುಗೆಮನೆಯ ಮೇಜಿಗೆ ತಂದಿದ್ದ. ಗಿರಿಜಾದೇವಿ ಹಳೆಯ ಇಳಕಲ್ ಸೀರೆ ಕತ್ತರಿಸಿ ಹೊಲಿದಿದ್ದ ಮೇಜುಹಾಸಿನ ಮೇಲೆ ಅವನ್ನು ಹರಡಿಕೊಂಡು ಕೂತಿದ್ದಾಗ ಫೋನ್ ಬಂತು, ಮೇಲೆ ನಲ್ಲಿ ಸುರಿಯತೊಡಗಿತು. ಶೇಖರಪ್ಪ ತಡಮಾಡಲಿಲ್ಲ. ಮೊದಲ ಹಾಳೆಯ ಫೋಟೋ ತೆಗೆದು, ಅದರ ಮೇಲಿನ ಅಕ್ಷರಗಳನ್ನು ಫೋನಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡರು. 'ಸಿಂಫನಿ. ರಚನೆ: ಅಲೆನಾ ಸವಿಚ್.'

ಹುಡುಕಿದರೆ ಅಲೆನಾ ಸವಿಚ್ ನಿಜವಾಗಿಯೂ ಇದ್ದಳು. ಬೆಲಾರೂಸಿನ ರಾಜಧಾನಿ ಮಿನ್ಸ್ಕ್‌ನಲ್ಲಿ ಸಂಗೀತ ಕಲಿಸುವ ಹುಡುಗಿ. ಮುಂದಿನ ತಿಂಗಳು ಅಲ್ಲಿನ ಒಂದು ಸಭಾಂಗಣದಲ್ಲಿ ಅವಳ ಹೊಸ ಸಿಂಫನಿಯ ಕಾರ್ಯಕ್ರಮ ಎಂದು ಪ್ರಕಟಣೆಯೂ ಇತ್ತು. ಶೇಖರಪ್ಪನವರಿಗೆ ಎಲ್ಲಾ ಹೊಂದಿಕೆಯಾಯಿತು. ಈ ಕಳ್ಳ ಯಾರದೋ ಮನೆಯ ಮಗಳ ಸಂಗೀತವನ್ನು ಕದ್ದು ತಂದು, ಲಂಡನ್ನಿನಲ್ಲಿ ಕೂತು ನಕಲು ಮಾಡುತ್ತಿದ್ದಾನೆ!

ವಿತಾಲ್ ಕೆಳಗೆ ಬಂದಾಗ ನೇರವಾಗಿ ಕೇಳಿದರು. "ಇದು ಯಾರ ಸಂಗೀತ?"

"ನನ್ನದು."

"ಮೇಲೆ ಬೇರೆಯವರ ಹೆಸರಿದೆ."

ವಿತಾಲ್ ಬಿಳಿಚಿಕೊಂಡ. ಹಾಳೆಗಳನ್ನು ಎದೆಗವಚಿಕೊಂಡು, "ದಯವಿಟ್ಟು ನೀವು ಇದನ್ನು ನೋಡಿಲ್ಲ ಅಂದುಕೊಳ್ಳಿ. ಯಾರಿಗೂ ಹೇಳಬೇಡಿ," ಎಂದ.

ಚೀಲ ಬಿಚ್ಚಬೇಡಿ ಎಂದವನ ಚೀಲವನ್ನು ಎರಡು ಸಲ ಬಿಚ್ಚಿ ರೂಢಿಯಾದವರಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಅವತ್ತೇ ಶೇಖರಪ್ಪ ಆ ಸಭಾಂಗಣದ ವಿಳಾಸಕ್ಕೆ ಈಮೇಲ್ ಬರೆದರು. ನಿಮ್ಮ ಸಂಗೀತಗಾರ್ತಿಯ ಕೃತಿಯನ್ನು ವಿತಾಲ್ ಎಂಬವನು ನನ್ನ ಮನೆಯಲ್ಲಿ ಕೂತು ಬರೆಯುತ್ತಿದ್ದಾನೆ, ಆ ಹೆಣ್ಣುಮಗಳಿಗೆ ಅನ್ಯಾಯವಾಗಬಾರದು ಎಂದು. ಫೋಟೋ ಲಗತ್ತಿಸಿದರು. ಕಸದ ಡಬ್ಬಿಯ ಬಗ್ಗೆ ಕೌನ್ಸಿಲ್‌ಗೆ ದೂರು ಬರೆಯುವಾಗ ಮಾಡುವಂತೆ ಕೊನೆಯಲ್ಲಿ ಪೂರ್ತಿ ಹೆಸರು, ಮನೆ ನಂಬರು, ಪೋಸ್ಟ್‌ಕೋಡು ಎಲ್ಲಾ ಹಾಕಿದರು. ಎರಡು ದಿನದಲ್ಲಿ ಉತ್ತರ ಬಂತು. 'ಧನ್ಯವಾದ. ಈ ವ್ಯಕ್ತಿ ಈಗಲೂ ನಿಮ್ಮ ವಿಳಾಸದಲ್ಲೇ ಇದ್ದಾನೆಯೇ?' ಹೌದು ಎಂದು ಬರೆದು, ಶೇಖರಪ್ಪ ಖುಷಿಯಿಂದ ವಾಕಿಂಗ್ ಹೋದರು.

ಮರುವಾರ ಬೆಳಿಗ್ಗೆ ವಿತಾಲ್ ಅಡುಗೆಮನೆಗೆ ಬಂದು ತನ್ನ ಫೋನನ್ನು ಅವರ ಮುಂದಿಟ್ಟ. ಅದರಲ್ಲಿ ಅದೇ ಹಾಳೆಯ ಫೋಟೋ ಇತ್ತು. ಹಾಳೆಯ ಅಂಚಿನಾಚೆ ಇಳಕಲ್ ಸೀರೆಯ ಕೆಂಪು ಸೆರಗು ಸ್ಪಷ್ಟವಾಗಿ ಕಾಣುತ್ತಿತ್ತು.

"ಇದನ್ನು ಅಲೆನಾಳಿಗೆ ತೋರಿಸಿ ಪೊಲೀಸರು ವಿಚಾರಣೆ ಮಾಡಿದ್ದಾರೆ. ಅವಳೇ ನನಗೆ ಕಳಿಸಿದಳು," ಎಂದ ವಿತಾಲ್. ಅವನ ದನಿ ಏರಲಿಲ್ಲ. "ಚುನಾವಣೆಯ ವರ್ಷ ನಾವು ಸರ್ಕಾರದ ವಿರುದ್ಧ ಬೀದಿಯಲ್ಲಿ ನಿಂತು ವಾದ್ಯ ನುಡಿಸಿದೆವು. ಆಮೇಲೆ ನನ್ನ ಹೆಸರಿನ ಯಾವ ಕೃತಿಯನ್ನೂ ಅಲ್ಲಿ ನುಡಿಸುವ ಹಾಗಿಲ್ಲ. ಅಲೆನಾ ನನ್ನ ಶಿಷ್ಯೆ. 'ನಿಮ್ಮ ಸಂಗೀತ ಇಲ್ಲಿ ಕೇಳಿಸಲೇಬೇಕು, ನನ್ನ ಹೆಸರು ಹಾಕಿ' ಎಂದಳು. ನನ್ನ ತಾಯಿಗೆ ಎಂಬತ್ತೊಂದು. ಮಗನ ಸಂಗೀತ ಕೇಳಲು ಅವಳು ಟಿಕೆಟ್ ತೆಗೆದುಕೊಂಡಿದ್ದಳು. ಈಗ ಕಾರ್ಯಕ್ರಮ ರದ್ದು. ನಿನ್ನೆಯಿಂದ ಅಲೆನಾ ಫೋನ್ ಎತ್ತುತ್ತಿಲ್ಲ."

ಅಷ್ಟು ಹೇಳಿ ಮೇಲೆ ಹೋದ. ಗಿರಿಜಾದೇವಿ ಒಲೆ ಆರಿಸಿ, ಸೌಟು ಹಿಡಿದೇ ಗಂಡನ ಕಡೆ ತಿರುಗಿದರು.

"ನನಗೇನ ಗೊತ್ತಿತ್ತು? ಮತ್ತೊಬ್ಬರ ಹೆಸರು ಹಾಕಿದ್ರ ಕಳುವು ಅಂತನ ತಿಳೀತೀವಿ," ಎಂದರು ಶೇಖರಪ್ಪ.

"ನಿಮಗ ಗೊತ್ತಿರಲಿಲ್ಲಾ? ಮಾವಾರು ಮಠಕ್ಕ ಎಷ್ಟು ಪದಾ ಬರದ್ರು! ಒಂದರಾಗರೆ ಕಲ್ಲಯ್ಯ ಅಂತ ತಮ್ಮ ಹೆಸರು ಹಾಕ್ಯಾರೇನು? ಎಲ್ಲಾ ಗುರುವಿನ ಅಂಕಿತ. ಅವನ್ನ ದಿನಾ ಪೂಜಾದಾಗ ಹಾಡೂರು ನೀವು. ಅವರೂ ಕಳ್ಳರೇನ್ರಿ?"

ಅಪ್ಪ ಕಂದೀಲಿನ ಮುಂದೆ ಕೂತು ಬರೆಯುತ್ತಿದ್ದುದನ್ನು ಕಣ್ಣಾರೆ ಕಂಡವರು ಶೇಖರಪ್ಪ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು, ಅದರ ಹಿಂದೆಯೇ ಹೆದರಿಕೆ ಬಂತು. ಕಾಣದ ಊರಿನ ಆ ಹುಡುಗಿಯನ್ನು ಯಾವ ಕೋಣೆಯಲ್ಲಿ ಕೂರಿಸಿದ್ದಾರೋ, ಏನು ಕೇಳುತ್ತಿದ್ದಾರೋ.

ವಿತಾಲ್ ಸೂಟ್‌ಕೇಸ್ ಹಿಡಿದು ಇಳಿದು ಬಂದ. ಶೇಖರಪ್ಪ ಕೈ ಮುಗಿದು, ತಮ್ಮ ಈಮೇಲಿಗೆ ಬಂದ ಉತ್ತರವನ್ನೂ ತಾವು ಹೌದು ಎಂದು ಬರೆದದ್ದನ್ನೂ ಮುಚ್ಚಿಡದೆ ಹೇಳಿದರು. ಅದನ್ನು ಕೇಳಿ ವಿತಾಲ್ ಕಿಟಕಿಯ ಕಡೆ ನೋಡಿದ, ಆಮೇಲೆ ಅವರನ್ನೇ ದಿಟ್ಟಿಸಿದ. ಅದು ಸಿಟ್ಟಿನ ನೋಟವಾಗಿದ್ದರೆ ಶೇಖರಪ್ಪ ತಡೆದುಕೊಳ್ಳುತ್ತಿದ್ದರು. ಅವನು ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಿದ್ದ.

"ನಿಮ್ಮಿಂದ ಇದನ್ನು ಮಾಡಿಸಿದವರು ಯಾರು?"

"ಯಾರೂ ಇಲ್ಲ. ಆಣೆ ಮಾಡಿ ಹೇಳುತ್ತೇನೆ. ನಾನು ಬರೀ ಈ ಮನೆಯ ಮಾಲೀಕ."

"ದೇಶ ಬಿಟ್ಟು ಮೊದಲು ಹೋಗಿದ್ದ ವಿಲ್ನಿಯಸ್‌ನಲ್ಲಿ ನನ್ನ ಮನೆ ಮಾಲೀಕನೂ ಹೀಗೇ ಹೇಳಿದ್ದ," ಎಂದು ವಿತಾಲ್ ಬಾಗಿಲು ತೆರೆದುಕೊಂಡು ಹೋದ.