ಕೆಮ್ಮಣ್ಣಿನ ಕೈ

ಮಾಗಡಿಯ ಬಸ್ ನಿಲ್ದಾಣದ ಪಕ್ಕದ ಗೋಡೆಗೆ ಹೋದ ವರ್ಷ ಚಿತ್ರ ಬರೆಸಿದ್ದರು. ಗೊಂಬೆ ಕುದುರೆ, ರೇಷ್ಮೆಗೂಡು ತುಂಬಿದ ಬಿದಿರಿನ ಚಂದ್ರಿಕೆ, ಬಂಡೆಯ ಮೇಲೆ ಕುಳಿತ ರಣಹದ್ದು. ಭಾನುವಾರ ಬೆಳಿಗ್ಗೆ ಆ ಗೋಡೆಯ ಮುಂದೆ ಹತ್ತು ಹದಿನೈದು ಜನ ಸೇರಿದ್ದರು. ಊರಿನ ಚಿತ್ರ, ಶಿಲ್ಪ, ಹಳೆಯ ಮನೆಗಳನ್ನು ನೋಡಲು ಹೊರಗಿನಿಂದ ಬಂದವರು. ಅವರ ಹಿಂದೆ ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಟವಲು ಹಾಕಿಕೊಂಡು ಮುನಿಶಾಮಯ್ಯನವರು ನಿಂತಿದ್ದರು.

ಟೀ ಅಂಗಡಿಯ ಬೆಂಚಿನಿಂದ ಬಾಲ್ಯದ ಗೆಳೆಯ ಮಕ್ಬೂಲ್ ಕೂಗಿದ.

"ಏನ್ಲಾ ಮುನಿಶಾಮಿ, ಊರು ನೋಡಕ್ಕೆ ಹೊಂಟ್ಯಾ? ಇಷ್ಟು ವರ್ಸ ಕಣ್ಣು ಮುಚ್ಕೊಂಡು ತಿರುಗ್ತಿದ್ಯಾ?"

"ಸುಮ್ಕಿರ್ಲಾ. ಇವ್ರ್ನ ಕರ್ಕೊಂಡು ಬಂದಿರೋ ಸುಮನಾ ಅನ್ನೋ ಮಗಾ ಕರದೈತೆ. ಮಂಟಪದಾಗೆ ನಮ್ಮೋಳ ಕೈ ಉಳಿಸಿದೀವಿ, ಬಂದು ನೋಡಿ ತಾತ ಅಂತು."

ಮಕ್ಬೂಲನ ನಗು ನಿಂತಿತು. ಲೋಟ ಕೆಳಗಿಟ್ಟ. "ತಡಿ, ನಾನೂ ಬತ್ತೀನಿ. ಆಯಮ್ಮನ ಒಬ್ಬಟ್ಟಿನ ಋಣ ಐತೆ ನನ್ ಮ್ಯಾಲೆ."

ಹಳೇ ಪೇಟೆಯ ಹಿಂದಿನ ರಾಮದೇವರ ಮಂಟಪಕ್ಕೆ ಸುಣ್ಣ ಬಳಿಯುವುದು ಮುನಿಶಾಮಯ್ಯನವರ ಹೆಂಡತಿ ಚಿಕ್ಕಲಕ್ಷ್ಮಮ್ಮನ ಹರಕೆಯಾಗಿತ್ತು. ಎಳೆಯ ಮಗನಿಗೆ ವಿಷಮಶೀತ ಜ್ವರ ಬಂದು ಡಾಕ್ಟರು ಕೈಬಿಟ್ಟಾಗ ಹೊತ್ತ ಹರಕೆ. ಮಗ ಉಳಿದ. ಅಂದಿನಿಂದ ಪ್ರತಿ ಯುಗಾದಿಗೂ ಆಕೆ ಸೆರಗು ಸಿಕ್ಕಿಸಿ, ಕತ್ತಾಳೆ ನಾರಿನ ಕುಂಚ ಹಿಡಿದು ಮಂಟಪದ ಒಳಗೋಡೆಗೆಲ್ಲ ಸುಣ್ಣ ಹೊಡೆಯುತ್ತಿದ್ದಳು. ಗಂಡ ಸುಣ್ಣದ ಮಡಕೆ ಹಿಡಿದು ನಿಲ್ಲಬೇಕು. ಕೊನೆಗೆ ಬಾಗಿಲ ಬಲಕ್ಕೆ, ಅದೇ ಜಾಗದಲ್ಲಿ, ಕೆಮ್ಮಣ್ಣಿನಲ್ಲಿ ಅದ್ದಿದ ಅಂಗೈ ಒತ್ತುತ್ತಿದ್ದಳು. "ರುಜು ಹಾಕಕ್ಕೆ ಬರಕಿಲ್ಲ ಸ್ವಾಮಿ, ಇದೇ ನನ್ ರುಜು ಅಂತ ತಿಳ್ಕೊ," ಎನ್ನುವಳು. ಒಮ್ಮೆ ಹುಲ್ಲು ಕೊಯ್ಯುವಾಗ ಕುಡುಗೋಲು ತಗುಲಿ ಕಿರುಬೆರಳು ಸೊಟ್ಟಗಾಗಿತ್ತು. ಆಮೇಲೆ ಗೋಡೆಯ ಮೇಲೂ ಅದು ಸೊಟ್ಟಗೇ ಮೂಡುತ್ತಿತ್ತು.

ಕಾರ್ತಿಕ ಮಾಸದಲ್ಲಿ ಆಕೆ ತೀರಿಕೊಂಡಳು. ಮಾಘದಲ್ಲಿ ಹಳೆಯ ಗೋಡೆಚಿತ್ರಗಳನ್ನು ಉಳಿಸುವ ಸುಮನಾಳ ಗುಂಪು ಬಂದಿತು. ಸುಣ್ಣದ ಅಡಿಯಲ್ಲಿ ಹಳೆಯ ಕಾಲದ ರಾಮಪಟ್ಟಾಭಿಷೇಕದ ಚಿತ್ರವಿದೆ, ಕೆರೆದು ತೆಗೆಯಬೇಕು ಎಂದರು. ಬೀಗದ ಕೈ ಮುನಿಶಾಮಯ್ಯನವರ ಬಳಿಯೇ ಇತ್ತು. ದೇವರು ಬೆಳಕಿಗೆ ಬರುತ್ತೇನೆ ಎಂದರೆ ತಡೆಯಲು ತಾನು ಯಾರು ಎಂದುಕೊಂಡು ಕೊಟ್ಟರು. ಕೇಳಿದ್ದು ಒಂದೇ. ಆ ಕೈಗುರುತನ್ನು ಬಿಟ್ಟುಬಿಡಿ.

"ಖಂಡಿತ ಬಿಡ್ತೀವಿ ತಾತ. ಒಂದು ತುಂಡು ನಮಗೂ ಉಳೀಬೇಕು," ಎಂದಿದ್ದಳು ಸುಮನಾ. ಅಷ್ಟು ಸುಲಭವಾಗಿ ಒಪ್ಪಿದ್ದು ರಾಮದೇವರ ದಯೆ ಎಂದೇ ಅವರು ತಿಳಿದಿದ್ದರು.

ಊರು ನೋಡುವವರ ಗುಂಪು ಹಳೇ ಪೇಟೆಗೆ ಹೊರಳಿತು. ಕೆತ್ತನೆಯ ಬಾಗಿಲಿದ್ದ ಮನೆಯೊಂದರ ಮುಂದೆ ಎಲ್ಲರೂ ಮೊಬೈಲು ಎತ್ತಿದಾಗ ಯಜಮಾನ ಓಡಿ ಬಂದು ಹಗ್ಗದ ಮೇಲಿನ ಬನಿಯನ್ನು, ಚಡ್ಡಿಗಳನ್ನು ಬಾಚಿಕೊಂಡ. "ಇರ್ಲಿ ಬುಡಣ್ಣ, ಅದೂ ಹಳೇ ಕಾಲದ್ದೇ!" ಎಂದ ಮಕ್ಬೂಲ್. ಮುನಿಶಾಮಯ್ಯನವರು ನಗಲಿಲ್ಲ. ಮುಂದೆ ಮುಂದೆ ನಡೆದರು.

ಮಂಟಪದೊಳಗೆ ಗೋಡೆಯ ತುಂಬ ಹಳದಿ, ಹಸಿರು, ಇಟ್ಟಿಗೆಯ ಕೆಂಪು. ರಾಮನ ಅರ್ಧ ಮುಖ, ಸೀತೆಯ ಒಂದು ತೋಳು, ಹನುಮನ ಬಾಲ. ಉಳಿದದ್ದು ಸುಣ್ಣದ ಜೊತೆಯಲ್ಲೇ ಕಿತ್ತು ಬಂದಿತ್ತಂತೆ. ಬಾಗಿಲ ಬಲಕ್ಕೆ ಒಂದು ಮೊಳದಷ್ಟು ಸುಣ್ಣ ಹಾಗೆಯೇ ಇತ್ತು. ನಡುವೆ ಕೈ. ಅದೇ ಸೊಟ್ಟ ಕಿರುಬೆರಳು. ಮುನಿಶಾಮಯ್ಯನವರ ಕಣ್ಣು ಮಂಜಾಯಿತು. ಒರೆಸಿಕೊಂಡು ನೋಡಿದಾಗ ಅದರ ಕೆಳಗಿನ ಫಲಕ ಕಂಡಿತು.

"ಶುಚಿಗೊಳಿಸುವ ಮೊದಲಿನ ಸ್ಥಿತಿ. ಅರಿವಿಲ್ಲದೆ ಬಳಿದ ಸುಣ್ಣದಿಂದ ಆದ ಹಾನಿಯ ಮಾದರಿ."

ಟೋಪಿ ಹಾಕಿದ್ದವನೊಬ್ಬ ಬಗ್ಗಿ ಓದಿದ. "ಹಾಳು ಮಾಡಿದ್ದಲ್ದೆ ಬೆರಣಿ ತಟ್ಟಿದ ಹಾಗೆ ಕೈ ಬೇರೆ ತಟ್ಟಿದಾರೆ ನೋಡ್ರಪ್ಪ!"

ಎಲ್ಲರೂ ನಕ್ಕರು. "ಅವರದ್ದೂ ತಪ್ಪಲ್ಲ, ಪಾಪ, ತಿಳುವಳಿಕೆ ಇಲ್ಲ," ಎಂದಳು ಸುಮನಾ. ಗುಂಪು ಕಲ್ಯಾಣಿಯ ಕಡೆಗೆ ಇಳಿಯಿತು. ಮುನಿಶಾಮಯ್ಯನವರು ಆಕೆಯನ್ನು ಬಾಗಿಲಲ್ಲೇ ನಿಲ್ಲಿಸಿದರು.

"ಮಗಾ, ಆ ಬೋರ್ಡು ತಗದ್ಬುಡವ್ವಾ."

"ಯಾಕೆ ತಾತ? ಯಾರ ಹೆಸರೂ ಹಾಕಿಲ್ವಲ್ಲ. ಯಾರ ಕೈ ಅಂತ ಯಾರಿಗೂ ಗೊತ್ತಾಗಲ್ಲ."

"ನಂಗೊತ್ತಲ್ಲವ್ವಾ."

"ಬೋರ್ಡು ಇಲ್ದಿದ್ರೆ ಆ ತುಂಡು ಯಾಕೆ ಬಿಟ್ಟಿದೀವಿ ಅಂತ ಜನ ಕೇಳ್ತಾರೆ ತಾತ. ಆಮೇಲೆ ಮಾತಾಡೋಣ, ಅಲ್ಲಿ ಕಾಯ್ತಿದಾರೆ." ಅವಳು ಹೊರಟುಹೋದಳು.

ಮುನಿಶಾಮಯ್ಯನವರು ಒಳಗೆ ಬಂದರು. ಹೆಂಡತಿ ಎಂದೂ ಒಬ್ಬರ ಮನೆಯ ಹೂವನ್ನೂ ಕೇಳದೆ ಕಿತ್ತವಳಲ್ಲ. ಈಗ ಬಂದವರೆಲ್ಲ ಬೆರಳು ತೋರಿಸಿ, ಇವಳೇ ದೇವರ ಮುಖ ಕೆಡಿಸಿದವಳು ಎನ್ನಬೇಕು. ತಾನು ಬೇಡಿ ಉಳಿಸಿಕೊಂಡದ್ದು ಇದನ್ನು.

ಹೊಸಿಲ ಬಳಿ ಯಾರೋ ಒಡೆದ ಈಡುಗಾಯಿಯ ಕರಟವಿತ್ತು. ಎತ್ತಿಕೊಂಡು ಗೋಡೆಗೆ ಹಚ್ಚಿದರು.

"ಲೇ, ಏನ್ಲಾ ಮಾಡ್ತಿದ್ದೀಯ!" ಮಕ್ಬೂಲ್ ತೋಳು ಹಿಡಿದ.

"ಬುಡ್ಲಾ. ನಮ್ಮೋಳ್ನ ಇಲ್ಲಿ ಕಳ್ಳಿ ಹಂಗೆ ನಿಲ್ಸವ್ರೆ. ಬುಡು."

ಮಕ್ಬೂಲ್ ಕೈ ತೆಗೆದ.

ಸೊಟ್ಟ ಬೆರಳು ಮೊದಲು ಉದುರಿತು. ಸುಣ್ಣ ಹಪ್ಪಳದಂತೆ ಎದ್ದು ಬಂತು. ಅದರ ಅಡಿಯಲ್ಲಿ ಬಿಳುಪು, ಬಿಳುಪಿನ ಅಡಿಯಲ್ಲಿ ಇನ್ನೊಂದು ಕೈ. ಅದಕ್ಕೂ ಹಿಂದಿನ ಯುಗಾದಿಯದು. ಮುನಿಶಾಮಯ್ಯನವರು ಅದನ್ನೂ ಕೆರೆದರು. ಮತ್ತೊಂದು. ಮತ್ತೂ ಒಂದು. ಕೆರೆದಷ್ಟೂ ಆಕೆ ಚಿಕ್ಕವಳಾಗುತ್ತ ಬಂದಳು. ಒಂದು ಪದರದಲ್ಲಿ ಕಿರುಬೆರಳು ನೆಟ್ಟಗಿತ್ತು. ಕರಟ ಅಲ್ಲೇ ತಡೆಯಿತು. ಆಮೇಲೆ ಕಣ್ಣು ಮುಚ್ಚಿಕೊಂಡು ಅದನ್ನೂ ಕೆರೆದರು.

ಕೊನೆಗೆ ಗಾರೆ ಬಂತು. ಬರೀ ಗಾರೆ. ಒಂದು ಗೆರೆಯಿಲ್ಲ, ಒಂದು ಚುಕ್ಕೆ ಬಣ್ಣವಿಲ್ಲ.

ಮಕ್ಬೂಲ್ ಹತ್ತಿರ ಬಂದು ಬೆರಳಿಂದ ಸವರಿದ. "ಇಲ್ಲಿ ಚಿತ್ರಾನೇ ಇರ್ಲಿಲ್ವಲ್ಲೋ ಮುನಿಶಾಮಿ."

ಮುನಿಶಾಮಯ್ಯನವರು ಕುಕ್ಕುರುಗಾಲಲ್ಲಿ ಕೂತರು. ನೆಲದ ಮೇಲಿನ ಬಿಳಿ ಕೆಂಪು ಪುಡಿಯನ್ನು ಟವಲಿಗೆ ಬಳಿದು ಗಂಟು ಕಟ್ಟಿದರು. ಫಲಕ ಬೋಳು ಗೋಡೆಯ ಕೆಳಗೆ ಹಾಗೆಯೇ ನಿಂತಿತ್ತು. ಗಂಟನ್ನು ಎದೆಗೆ ಅವಚಿಕೊಂಡು ಹೊಸಿಲು ದಾಟಿದರು. ರಾಮದೇವರ ಅರ್ಧ ಮುಖಕ್ಕೆ ಆ ದಿನ ಅವರು ಕೈ ಮುಗಿಯಲಿಲ್ಲ.